ಮಗನನ್ನು ಕರೆತರಲು ಬೊಗೊಟಾಗೆ: ಐದು ವಾರದಲ್ಲಿ ನಾವು ಕಲಿತದ್ದು

ಮೊದಲು ಮನೆ ಬಾಡಿಗೆಯ ವಿಷಯ ಹೇಳಿಬಿಡುತ್ತೇನೆ. ನಮಗೆ ಮೋಸ ಆಗಿದ್ದು ಅಲ್ಲೇ.

ಕೊಲಂಬಿಯಾದಿಂದ ಮಗುವನ್ನು ದತ್ತು ತೆಗೆದುಕೊಳ್ಳುವವರು ಅಲ್ಲಿ ವಾರಗಟ್ಟಲೆ ಇರಬೇಕು. ಮಗುವಿನ ಭೇಟಿ, ಜೊತೆಗಿದ್ದು ಹೊಂದಿಕೊಳ್ಳುವ ದಿನಗಳು, ಕೋರ್ಟು, ಪಾಸ್‌ಪೋರ್ಟು, ವೀಸಾ, ಎಲ್ಲ ಅಲ್ಲೇ ಆಗಬೇಕು. ಅದಕ್ಕೆ ಅಮೆರಿಕದಲ್ಲಿರುವ ನಾವು, ಹೋಟೆಲ್ ಬೇಡ ಎಂದು ರಾಜಧಾನಿ ಬೊಗೊಟಾದಲ್ಲಿ ತಿಂಗಳ ಬಾಡಿಗೆಗೆ ಒಂದು ಫ್ಲಾಟ್ ಹಿಡಿದೆವು. ಪೂರ್ತಿ ಹಣ ಮುಂಗಡ. ಫೋಟೋದಲ್ಲಿ ಲಿಫ್ಟ್ ಇತ್ತು, ಕಟ್ಟಡದಲ್ಲೂ ಇತ್ತು, ಆದರೆ ಅದರ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಆ ಚೀಟಿ ಎಷ್ಟು ಹಳೆಯದು ಎಂದರೆ ಅಂಚೆಲ್ಲ ಹಳದಿಯಾಗಿ ಮಡಚಿಕೊಂಡಿತ್ತು. ನಮ್ಮ ಫ್ಲಾಟ್ ನಾಲ್ಕನೇ ಮಹಡಿಯಲ್ಲಿ.

ಬೊಗೊಟಾ ಇರುವುದು ಸಮುದ್ರಮಟ್ಟದಿಂದ 2,640 ಮೀಟರ್ ಎತ್ತರದಲ್ಲಿ. ನಮ್ಮವರು ದಿನಾ ಓಡುವ ಮನುಷ್ಯ, ಅವರೇ ಎರಡನೇ ಮಹಡಿಗೆ ಬರುವಷ್ಟರಲ್ಲಿ ಕಂಬಿ ಹಿಡಿದು ನಿಂತರು. ನಾವು ಕರೆತರಲು ಹೋಗಿದ್ದ ಮಗುವಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. ಟೆಟ್ರಾಲಜಿ ಆಫ್ ಫ್ಯಾಲೋ ಅಂತಾರೆ. ಹೃದಯದ ಗೋಡೆಯಲ್ಲಿ ತೂತು, ಜೊತೆಗೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು. ಸುಸ್ತಾದರೆ ತುಟಿ, ಉಗುರು ನೀಲಿಯಾಗುತ್ತವೆ. ಅಂಥ ಮಗುವನ್ನು ದಿನಕ್ಕೆ ಎರಡು ಸಲ ನಾಲ್ಕು ಮಹಡಿ ಹತ್ತಿಸಿ ಇಳಿಸುವುದು ಆಗದ ಮಾತು. ಮಾಲೀಕರಿಗೆ ಕೇಳಿದರೆ 'ಸೋಮವಾರ ರಿಪೇರಿ' ಎಂದರು. ಮೂರನೇ ದಿನ ನಾವೇ ಖಾಲಿ ಮಾಡಿದೆವು, ಹಣ ವಾಪಸ್ ಬರಲಿಲ್ಲ.

ಹಾಗಾಗಿ ನನ್ನ ಮಾತು ಕೇಳಿ, ನೆಲಮಹಡಿಯೇ ಬೇಕು ಎಂದು ಹಟ ಹಿಡಿಯಿರಿ. ಅಲ್ಲಿ ದತ್ತು ಕುಟುಂಬಗಳನ್ನು ನೋಡಿ ನೋಡಿ ಅಭ್ಯಾಸವಿರುವ ಗೆಸ್ಟ್ ಹೌಸ್‌ಗಳಿವೆ. ನಿಮ್ಮ ಏಜೆನ್ಸಿ ಮೂಲಕ ಮೊದಲು ಹೋಗಿಬಂದವರನ್ನು ಕೇಳಿದರೆ ಗೊತ್ತಾಗುತ್ತದೆ. ನಾವು ಆಮೇಲೆ ಅಂಥದ್ದೇ ಒಂದು ಮನೆಗೆ ಹೋದೆವು, ಕಿಂತಾ ಪರೇದೆಸ್ ಬಡಾವಣೆಯಲ್ಲಿ. ಮಗುವಿನ ವೀಸಾಗೆ ಹೋಗಬೇಕಾದ ಅಮೆರಿಕದ ರಾಯಭಾರ ಕಚೇರಿ ಅಲ್ಲಿಂದ ಹತ್ತಿರ. ರೂಮು ಚಿಕ್ಕದು, ಆದರೆ ಮೆಟ್ಟಿಲಿಲ್ಲ. ಇನ್ನೊಂದು, ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಹೀಟರ್ ಇರುವುದಿಲ್ಲ, ರಾತ್ರಿ ಚೆನ್ನಾಗಿಯೇ ಚಳಿ ಆಗುತ್ತದೆ. ಮಗುವಿಗೆ ಉಣ್ಣೆಯ ಸಾಕ್ಸ್ ಜಾಸ್ತಿ ಇಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. ನನಗೆ ಆಶ್ಚರ್ಯ ಆಗಿದ್ದು, ಈ ಬರಹ ಬರೆಯಲು ಕೂತಿದ್ದೇ ಇದಕ್ಕಾಗಿ.

ಕೊಲಂಬಿಯಾದಲ್ಲಿ ದತ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಐಸಿಬಿಎಫ್, 1968ರಲ್ಲಿ ಶುರುವಾದದ್ದು. ದೇಶ ದೇಶಗಳ ನಡುವಿನ ದತ್ತಿಗಾಗಿ ಮಾಡಿಕೊಂಡ 1993ರ ಹೇಗ್ ಒಪ್ಪಂದದ ಪ್ರಕಾರ ಅಲ್ಲಿನ ಕೇಂದ್ರ ಪ್ರಾಧಿಕಾರವೂ ಅದೇ. ಅವರ ವ್ಯವಸ್ಥೆಯಲ್ಲಿ ತುಂಬಾ ಮಕ್ಕಳು ಅನಾಥಾಲಯದಲ್ಲಿ ಅಲ್ಲ, 'ಮಾದ್ರೆ ಸುಸ್ತಿತೂತ' ಎಂಬ ಸಾಕುತಾಯಿಯರ ಮನೆಯಲ್ಲಿ ಬೆಳೆಯುತ್ತಾರೆ. ನಮ್ಮ ಮಗನೂ ಹಾಗೇ. ನಮಗೆ ಬಂದ ಫೈಲ್ ನಲವತ್ತಕ್ಕೂ ಹೆಚ್ಚು ಪುಟ. ಎಕೋ ರಿಪೋರ್ಟು, ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗಲೆಂದು ಹುಟ್ಟಿದ ಕೆಲವು ವಾರಕ್ಕೆ ಹಾಕಿದ ಶಂಟ್ ಎಂಬ ಸಣ್ಣ ಕೊಳವೆಯ ವಿವರ, ಔಷಧಿಯ ಪಟ್ಟಿ, ಎಲ್ಲ ಇತ್ತು. ಅದನ್ನು ನಮ್ಮ ಊರಿನ ಹೃದಯ ತಜ್ಞರಿಗೆ ತೋರಿಸಿ, ಒಂದೊಂದು ಸಾಲೂ ಓದಿಸಿಕೊಂಡೇ ಹೋಗಿದ್ದೆವು. ನಮಗೆಲ್ಲ ಗೊತ್ತು ಎಂದುಕೊಂಡಿದ್ದೆವು.

ಭೇಟಿಯ ದಿನ ಕಚೇರಿಯ ಒಂದು ಕೋಣೆಯಲ್ಲಿ ಆಟಿಕೆ, ಬಲೂನು ಎಲ್ಲ ಇಟ್ಟಿದ್ದರು. ಮೂರು ವರ್ಷ ದಾಟಿದ ಹುಡುಗ, ಸಾಕುತಾಯಿಯ ಸ್ಕರ್ಟ್ ಬಿಡಲೇ ಇಲ್ಲ. ನಮ್ಮ ಮಗಳು, ಒಂಬತ್ತು ವರ್ಷದವಳು, ನೆಲದ ಮೇಲೆ ಕೂತು ಒಂದು ಬಸ್ಸನ್ನು ಅವನ ಕಡೆ ಉರುಳಿಸಿದಳು. ಅವನು ಅದನ್ನು ತೆಗೆದುಕೊಳ್ಳಲು ಓಡಿ ಬಂದ, ನಾಲ್ಕೈದು ಹೆಜ್ಜೆ ಇರಬಹುದು, ಆಮೇಲೆ ಇದ್ದಕ್ಕಿದ್ದಂತೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ನಾನು 'ಬಾರೋ ಕಂದ' ಎಂದು ಕೈಹಿಡಿದು ಎಬ್ಬಿಸಲು ಹೋದೆ. ಸಾಕುತಾಯಿ ಓಡಿ ಬಂದು ನನ್ನ ಕೈ ಹಿಡಿದರು. ದುಭಾಷಿ ಹೇಳಿದರು, 'ಅವನು ಹಾಗೆ ಕೂತಾಗ ಎಬ್ಬಿಸಬೇಡಿ, ಉಸಿರು ಸಾಲದೆ ಕೂರುತ್ತಾನೆ, ಅವನೇ ಏಳುತ್ತಾನೆ.'

ಇದು ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕುಕ್ಕರಿಸಿದಾಗ ಕಾಲಿನ ರಕ್ತನಾಳ ಒತ್ತಿ ಹಿಡಿದಂತಾಗಿ, ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ಹೋಗುತ್ತದಂತೆ. ಈ ಕಾಯಿಲೆಯ ಮಕ್ಕಳು ಯಾರೂ ಹೇಳಿಕೊಡದೆ ಅದನ್ನು ಕಂಡುಕೊಳ್ಳುತ್ತಾರೆ. ತೀರಾ ನೀಲಿಯಾದರೆ ಮಲಗಿಸಿ ಮಂಡಿಗಳನ್ನು ಎದೆಗೆ ಒತ್ತಿ ಹಿಡಿಯಬೇಕು. ಅದನ್ನೂ ಸಾಕುತಾಯಿಯೇ ಅವತ್ತು ಒಂದು ಗೊಂಬೆ ಹಿಡಿದು ಮಾಡಿ ತೋರಿಸಿದರು.

ಔಷಧಿಯದೂ ಇದೇ ಕಥೆ. ಹಾಗೆ ನೀಲಿಯಾಗುವುದನ್ನು ತಡೆಯಲು ಕೊಡುವ ಪ್ರೊಪ್ರನೊಲಾಲ್‌ನ ಪ್ರಮಾಣ ಫೈಲಿನಲ್ಲಿದ್ದದ್ದು ಹಳೆಯದು. ಕೆಲವು ತಿಂಗಳ ಹಿಂದೆ ಡಾಕ್ಟರು ಬದಲಿಸಿದ್ದು ಆಕೆಯ ಒಂದು ಚೌಕುಳಿ ನೋಟ್‌ಬುಕ್ಕಿನಲ್ಲಿತ್ತು. ಪ್ರತಿ ದಿನದ್ದು ಒಂದೊಂದು ಸಾಲು. ಎಷ್ಟು ಕುಡಿದ, ಎಷ್ಟು ತಿಂದ, ಯಾವಾಗ ನೀಲಿಯಾದ. ಆ ಔಷಧಿಯನ್ನು ಖಾಲಿ ಹೊಟ್ಟೆಯಲ್ಲಿ ಕೊಡಬಾರದು, ಸಕ್ಕರೆ ಇಳಿದುಬಿಡುತ್ತದೆ ಎಂಬುದಕ್ಕೆ ಎರಡು ಗೆರೆ ಎಳೆದಿದ್ದರು. ನಾವು ಆ ಪುಟಗಳ ಫೋಟೋ ತೆಗೆದುಕೊಂಡೆವು, ಪ್ರಮಾಣವನ್ನು ಮರುದಿನವೇ ಡಾಕ್ಟರ ಹತ್ತಿರ ಖಾತ್ರಿ ಮಾಡಿಕೊಂಡೆವು.

ನೀವು ಹೋಗುವ ಮೊದಲೇ ಏಜೆನ್ಸಿಗೆ ಬರೆದು ಕೊಡಿ: ಮಗುವನ್ನು ಇಷ್ಟು ದಿನ ನೋಡಿಕೊಂಡವರ ಜೊತೆ ನಮಗೆ ಅರ್ಧ ಗಂಟೆ ಬೇಕು, ದುಭಾಷಿ ಬೇಕು. ಭೇಟಿಯ ಗಡಿಬಿಡಿಯಲ್ಲಿ ಫೋಟೋ, ಅಳು, ಸಹಿ ಎಂದು ಸಮಯ ಹಾರಿಹೋಗುತ್ತದೆ. ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಅದೂ ನಾವು ಮೊದಲೇ ಕೇಳಿದ್ದಕ್ಕೆ. ಮಲಗುವಾಗ ಏನು ಮಾಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ನೋವಾದರೆ ಅಳುತ್ತಾನಾ ಸುಮ್ಮನಾಗುತ್ತಾನಾ, ಇವೇ ಪ್ರಶ್ನೆ ಕೇಳಿ. ಅವನು ಮಲಗುತ್ತಿದ್ದ ಹೊದಿಕೆಯನ್ನು ಒಗೆಯದೆ ಕೊಡಿ ಎಂದು ಕೇಳಿ. ನಮ್ಮವನು ಮೊದಲ ವಾರ ಪೂರ್ತಿ ಅದರ ಮೂಲೆಯನ್ನು ಮೂಗಿಗೆ ಒತ್ತಿಕೊಂಡೇ ಮಲಗಿದ.

ಮೊದಲ ಮೂರು ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅತ್ತ, ನಾವೂ ಅತ್ತೆವು.

ಅವನು ತಿನ್ನುತ್ತಿರಲಿಲ್ಲ, ಅದೇ ದೊಡ್ಡ ಭಯ ಆಗಿತ್ತು. ಈ ತೊಂದರೆ ಇರುವ ಮಕ್ಕಳ ರಕ್ತ ಮೊದಲೇ ಗಟ್ಟಿ, ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ. ನಾವು ಕೊಟ್ಟ ಹಾಲು, ಹಣ್ಣು, ಗಂಜಿ ಯಾವುದನ್ನೂ ಮುಟ್ಟಲಿಲ್ಲ. ನಮ್ಮನ್ನು ಕಾಪಾಡಿದ್ದು ಗೆಸ್ಟ್ ಹೌಸಿನ ಮೂಲೆಯಲ್ಲಿದ್ದ ಒಂದು ಸಣ್ಣ ಊಟದ ಮನೆ. ಬೋರ್ಡೂ ಇಲ್ಲ, ಬಾಗಿಲಲ್ಲಿ ಒಂದು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಸೂಪಿನ ಹೆಸರು. ಇಂಥ ಮಧ್ಯಾಹ್ನದ ಊಟಕ್ಕೆ ಅಲ್ಲಿನವರು 'ಕೊರಿಯೆಂತಾಸೊ' ಅಂತಾರೆ. ಮೊದಲು ಒಂದು ದೊಡ್ಡ ಬಟ್ಟಲು ಸೂಪು, ಆಮೇಲೆ ತಟ್ಟೆಯಲ್ಲಿ ಅನ್ನ, ಕಾಳು ಇಲ್ಲವೇ ಬೇಳೆ, ಹುರಿದ ಬಾಳೆ, ಮಾಂಸ, ಕುಡಿಯಲು ಹಣ್ಣಿನ ರಸ. ನಾವು ಕೊಟ್ಟಿದ್ದು ತಲೆಗೆ ಹದಿನೈದು ಸಾವಿರ ಪೆಸೊ, ನಾಲ್ಕು ಡಾಲರಿಗಿಂತ ಕಡಿಮೆ. ಮಾಂಸ ಬೇಡ ಎಂದರೆ ಮೊಟ್ಟೆ ಹಾಕುತ್ತಾರೆ, ಅದೂ ಬೇಡ ಎಂದರೆ ಕಾಳು ಎರಡು ಸೌಟು ಜಾಸ್ತಿ. ಸೂಪಿಗೂ ಮಾಂಸದ ನೀರು ಹಾಕಿರಬಹುದು, ಪೂರ್ತಿ ಸಸ್ಯಾಹಾರಿಗಳು ಕೇಳಿಯೇ ಕುಡಿಯಿರಿ.

ನಾಲ್ಕನೇ ದಿನ ಅಲ್ಲಿ ಅಹಿಯಾಕೊ ಇತ್ತು. ಬೊಗೊಟಾದವರ ಸ್ವಂತ ಸೂಪು ಅದು. ಮೂರು ಬಗೆಯ ಆಲೂಗಡ್ಡೆ, ಕೋಳಿ, ಜೋಳದ ತೆನೆಯ ತುಂಡು, ಗುವಾಸ್ಕಾಸ್ ಎಂಬ ಸೊಪ್ಪು. ಒಂದು ಬಗೆಯ ಆಲೂ ಪೂರ್ತಿ ಕರಗಿ ಸೂಪೇ ಹಳದಿಯಾಗಿ ಮಂದವಾಗಿರುತ್ತದೆ. ವಾಸನೆ ಬಂದದ್ದೇ ತಡ, ಹುಡುಗ ತಲೆ ಎತ್ತಿದ. ಊಟದ ಮನೆಯ ಅಮ್ಮ ಏನೂ ಕೇಳಲಿಲ್ಲ, ನಮ್ಮ ಕಡೆ ನೋಡಿದರು, ಅವನ ತುಟಿ ನೋಡಿದರು, ಒಳಗೆ ಹೋಗಿ ಸಣ್ಣ ಬಟ್ಟಲಲ್ಲಿ ಆರಿಸಿ ತಂದರು. ಎರಡು ಬಟ್ಟಲು ಕುಡಿದ. ನಮ್ಮವರು ಎದ್ದು ಹೊರಗೆ ಹೋಗಿ ಮುಖ ಒರೆಸಿಕೊಂಡು ಬಂದರು. ಅವತ್ತಿನಿಂದ ಹೊರಡುವ ದಿನದವರೆಗೂ ಮಧ್ಯಾಹ್ನದ ಊಟ ಅಲ್ಲೇ. ಮಗುವಿನ ಸೂಪಿಗೆ ಉಪ್ಪು ಕಡಿಮೆ ಹಾಕಿ ಬೇರೆ ತೆಗೆದಿಡುತ್ತಿದ್ದರು, ದುಡ್ಡು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. ನನ್ನನ್ನು 'ಸುಮರ್ಸೆ' ಎಂದು ಕರೆಯುತ್ತಿದ್ದರು, ನಮ್ಮ 'ತಾವು' ಇದ್ದ ಹಾಗೆ. ನಿಮ್ಮ ಮಗುವಿಗೆ ಗೊತ್ತಿರುವ ರುಚಿ ಯಾವುದು ಎಂದು ಹುಡುಕಿ, ನಿಮ್ಮ ಅಡುಗೆ ಆಮೇಲೆ ಕಲಿಸಿದರಾಯಿತು.

ಊರು ನೋಡುವ ಬಗ್ಗೆ ನನ್ನನ್ನು ಕೇಳಬೇಡಿ. ನನಗೆ ಜನಜಂಗುಳಿ ಆಗುವುದಿಲ್ಲ, ಗುಂಪಿನಲ್ಲಿ ಮಗುವಿಗೆ ಸೋಂಕು ತಗುಲುವ ಭಯ ಬೇರೆ. ಮೊನ್ಸೆರಾತೆ ಬೆಟ್ಟ 3,152 ಮೀಟರ್. ಕೇಬಲ್ ಕಾರ್ ಇದ್ದರೂ ನಮ್ಮವನಿಗೆ ಅದು ಬೇಡ ಎಂದರು ಡಾಕ್ಟರು. ಭಾನುವಾರ ಮಾತ್ರ ಒಂದು ಎಚ್ಚರಿಕೆ. ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಯನ್ನು ಸೈಕಲ್‌ನವರಿಗೆ, ನಡೆಯುವವರಿಗೆ ಬಿಡುತ್ತಾರೆ, ಸಿಕ್ಲೋವಿಯಾ ಅಂತ. ಮಗಳಿಗೆ ಅದೇ ಹಬ್ಬ. ಆದರೆ ಎರಡನೇ ಭಾನುವಾರ ಮಗನಿಗೆ ಜ್ವರ ಬಂದು ಆಸ್ಪತ್ರೆಗೆ ಹೊರಟಾಗ ಟ್ಯಾಕ್ಸಿ ಸುತ್ತಿ ಸುತ್ತಿ ಹೋಗಬೇಕಾಯಿತು. ಆಸ್ಪತ್ರೆಗೆ ಭಾನುವಾರದ ದಾರಿ ಯಾವುದು ಎಂದು ಗೆಸ್ಟ್ ಹೌಸಿನವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಮಗುವಿನ ಅಳತೆಯದು ನಿಮ್ಮದೇ ಒಯ್ಯಿರಿ. ನಮಗೆಲ್ಲ ಅಲ್ಲಿ 92, 93 ತೋರಿಸುತ್ತಿತ್ತು, ಆ ಎತ್ತರಕ್ಕೆ ಅದು ಸಹಜ, ಗಾಬರಿಯಾಗಬೇಡಿ. ಮಗುವಿಗೆ ಎಷ್ಟಕ್ಕೆ ಇಳಿದರೆ ಆಸ್ಪತ್ರೆಗೆ ಓಡಬೇಕು ಎನ್ನುವ ಸಂಖ್ಯೆಯನ್ನು ಮೊದಲ ಭೇಟಿಯಲ್ಲೇ ಅಲ್ಲಿನ ಡಾಕ್ಟರಿಂದ ಬರೆಸಿಕೊಳ್ಳಿ.

ಕೋರ್ಟಿನ ಲೆಕ್ಕ ಹೀಗೆ. 2006ರ 1098ನೇ ಕಾನೂನು ಅಲ್ಲಿನ ಮಕ್ಕಳ ಸಂಹಿತೆ. ವಕೀಲರು ಹಾಕಿದ ಅರ್ಜಿ ಒಪ್ಪಿತವಾದ ಮೇಲೆ ದೆಫೆನ್ಸೋರ್ ದೆ ಫಮಿಲಿಯಾ ಎಂಬ ಅಧಿಕಾರಿಗೆ ಮೂರು ದಿನ, ಅವರು ತಕರಾರು ಮಾಡದಿದ್ದರೆ ತೀರ್ಪು ಕೊಡಲು ನ್ಯಾಯಾಧೀಶರಿಗೆ ಹತ್ತು ದಿನ. ಇವೆಲ್ಲ ಕೆಲಸದ ದಿನಗಳು. ಅಲ್ಲಿ ರಜೆಗಳು ಜಾಸ್ತಿ, ಎಷ್ಟೋ ರಜೆಗಳನ್ನು ಸೋಮವಾರಕ್ಕೆ ಸರಿಸುತ್ತಾರೆ. ಡಿಸೆಂಬರ್ 20ರಿಂದ ಜನವರಿ 10ರವರೆಗೆ ಕೋರ್ಟಿಗೆ ರಜೆ, ಈಸ್ಟರಿನ ಹಿಂದಿನ ವಾರವೂ ರಜೆ. ನವೆಂಬರ್ ಕೊನೆಗೆ ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ನಮ್ಮ ಕಡೆಯವರಿಗೆ ಹೆಸರಿನದು ದೊಡ್ಡ ತಲೆನೋವು. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಸರ್‌ನೇಮ್. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು, ಮದುವೆ ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್, ಅದೂ ಕನ್ನಡದಲ್ಲಿ. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಸ್ಪ್ಯಾನಿಷಿಗೆ ಅನುವಾದ ಆಗುವಷ್ಟರಲ್ಲಿ ನಾನು ಮೂರು ಬೇರೆ ಬೇರೆ ಹೆಂಗಸರಾಗಿದ್ದೆ. ಭಾರತದ ದಾಖಲೆಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ದೃಢೀಕರಣದ ಮುದ್ರೆ ಬೇಕು, ಈ ಎಲ್ಲ ಹೆಸರೂ ಒಬ್ಬರದ್ದೇ ಎನ್ನುವ ಅಫಿಡವಿಟ್ ಬೇಕು. ಅದನ್ನು ಅಲ್ಲಿ ಕೂತು ಮಾಡಿಸಲು ನಮಗೆ ಒಂಬತ್ತು ದಿನ ಹಿಡಿಯಿತು. ಕಡತ ಕಳಿಸುವಾಗಲೇ ಸೇರಿಸಿಬಿಡಿ.

ಇದನ್ನಂತೂ ಮರೆಯಬೇಡಿ: ಅಮೆರಿಕದಲ್ಲಿ ಕೆಲಸದ ಕಡೆಯಿಂದ ಇನ್ಶೂರೆನ್ಸ್ ಇರುವವರಿಗೆ, ದತ್ತು ಮಗುವನ್ನು ಅದಕ್ಕೆ ಸೇರಿಸಲು ಕನಿಷ್ಠ 30 ದಿನ ಸಿಗುತ್ತದೆ. ಎಷ್ಟೋ ಕಂಪನಿಗಳಲ್ಲಿ ಅಷ್ಟೇ ಸಿಗುವುದು. ಊರಿಗೆ ಹೋಗಿ ಮಾಡೋಣ ಎಂದುಕೊಂಡರೆ ಬೊಗೊಟಾದಲ್ಲೇ ಆ ದಿನಗಳು ಮುಗಿದುಹೋಗಬಹುದು. ನಮ್ಮವರಿಗೆ ಇದು ನೆನಪಾಗಿದ್ದು ಇಪ್ಪತ್ತಾರನೇ ದಿನ, ರಾತ್ರಿ ಹನ್ನೊಂದಕ್ಕೆ. ಹೃದಯದ ಆಪರೇಷನ್ ಬಾಕಿ ಇರುವ ಮಗು, ಯೋಚಿಸಿ.

ವೀಸಾಗೆ ಮುಂಚೆ ರಾಯಭಾರ ಕಚೇರಿ ಗೊತ್ತು ಮಾಡಿದ ಡಾಕ್ಟರಲ್ಲೇ ತಪಾಸಣೆ ಆಗಬೇಕು. ಎರಡು ವರ್ಷ ದಾಟಿದ ಮಕ್ಕಳಿಗೆ ಕ್ಷಯದ ರಕ್ತಪರೀಕ್ಷೆ ಇರುತ್ತದೆ. ಫಲಿತಾಂಶ ಬರಲು ದಿನಗಳಾಗುತ್ತವೆ, ಟಿಕೆಟ್ ಅದಕ್ಕೆ ತಕ್ಕಂತೆ ತೆಗೆಯಿರಿ.

ಕೊನೆಯದು ವಿಮಾನ. ನಾನು ತಿಂಗಳಿಂದ ನಿದ್ದೆಗೆಟ್ಟಿದ್ದು ಇದಕ್ಕೇ, ಮೇಲೆ ಹೋದರೆ ಮಗುವಿಗೆ ಆಮ್ಲಜನಕ ಸಾಲುತ್ತದಾ ಅಂತ. ಅಲ್ಲಿನ ಹೃದಯ ತಜ್ಞೆ ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ವಿಮಾನದ ಒಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಲೆಕ್ಕಕ್ಕೆ ಇರುತ್ತದೆ, ಅಂದರೆ ಸುಮಾರು 2,440 ಮೀಟರ್. ಬೊಗೊಟಾ ಅದಕ್ಕಿಂತ ಎತ್ತರ. ಇವನು ಹುಟ್ಟಿದಾಗಿನಿಂದ ಉಸಿರಾಡಿದ ಗಾಳಿಗಿಂತ ವಿಮಾನದ್ದೇ ವಾಸಿ! ಆದರೂ ವಿಮಾನ ಕಂಪನಿಯ ವೈದ್ಯಕೀಯ ಫಾರ್ಮ್ ಮುಂಚಿತವಾಗಿ ತುಂಬಿಸಿ, ಪ್ರಯಾಣಕ್ಕೆ ಅಡ್ಡಿಯಿಲ್ಲ ಎನ್ನುವ ಪತ್ರ ಎರಡೂ ಭಾಷೆಯಲ್ಲಿ ಬರೆಸಿ. ನಮ್ಮದು ಸ್ಪ್ಯಾನಿಷಿನಲ್ಲಿ ಮಾತ್ರ ಇತ್ತು, ಕೌಂಟರಿನಲ್ಲಿ ಒಂದು ಗಂಟೆ ನಿಲ್ಲಿಸಿದರು. ಆಮ್ಲಜನಕ ಬೇಕಿದ್ದರೆ ಸಿಲಿಂಡರ್ ಒಯ್ಯಲು ಬಿಡುವುದಿಲ್ಲ, ಒಪ್ಪಿಗೆ ಇರುವ ಕಾನ್ಸಂಟ್ರೇಟರ್ ಯಂತ್ರಕ್ಕೆ ಮೊದಲೇ ಹೇಳಿಡಬೇಕು. ಔಷಧಿ ಕೈಚೀಲದಲ್ಲೇ ಇರಲಿ. ಇಳಿಯುವಾಗ ಕುಡಿಯಲು ಏನಾದರೂ ಕೊಡುತ್ತಿರಿ, ಕಿವಿ ನೋವು ಕಡಿಮೆ.

ದೊಡ್ಡ ಆಪರೇಷನ್ ಆಗಿದೆ. ಕೊಲಂಬಿಯಾಗೆ ಎರಡು ವರ್ಷದವರೆಗೆ ಆರಾರು ತಿಂಗಳಿಗೆ ಒಂದು ವರದಿ ಕಳಿಸಬೇಕು, ಒಟ್ಟು ನಾಲ್ಕು. ಮೊನ್ನೆ ಎರಡನೆಯದು ಹೋಯಿತು. ಅದರ ಜೊತೆ ಒಂದು ಫೋಟೋ ಇಟ್ಟು, ಸಾಕುತಾಯಿಗೆ ತಲುಪಿಸಿ ಎಂದು ಬರೆದಿದ್ದೇವೆ. ಫೋಟೋದಲ್ಲಿ ಅವನು ಅಕ್ಕನ ಹಿಂದೆ ಮೆಟ್ಟಿಲು ಹತ್ತುತ್ತಿದ್ದಾನೆ.