ಮುತ್ತಜ್ಜನ ಮದುವೆ ಹುಡುಕಲು ಮೊಂತಿ ಫೆಸ್ತ್ ವಾರದಲ್ಲಿ ಹೋಗಬೇಡಿ

ಇದನ್ನು ಬರೆಯುತ್ತಿರುವುದು ನಾಲ್ಕು ಸಾವಿರ ರೂಪಾಯಿ ಹೊಟ್ಟೆಯುರಿಗೆ. ವಂಶವೃಕ್ಷ ಮಾಡಿಕೊಡ್ತೀವಿ ಅಂದ ಒಬ್ಬ ಏಜೆಂಟ್‌ಗೆ ಅಷ್ಟು ದುಡ್ಡು ಕಳಿಸಿದ್ದೆ. ಎರಡು ತಿಂಗಳಾದ ಮೇಲೆ ನಮ್ಮ ಮುತ್ತಜ್ಜ ಬಸ್ತಿಯಾಂವ್‌ನ ಮದುವೆ ಸರ್ಟಿಫಿಕೇಟ್ ಅಂತ ಒಂದು ಹಾಳೆ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಇವನ ಅಪ್ಪನ ಹೆಸರು ಜುಜೆ. ನಮ್ಮ ಬಸ್ತಿಯಾಂವ್‌ನ ಅಪ್ಪ ಜುವಾಂವ್. ಇದು ಯಾರ ಮನೆ ಅಜ್ಜನೋ" ಅಂದರು. ಬಂಟ್ವಾಳದ ಕಡೆ ಡಿಸೋಜ ಬಸ್ತಿಯಾಂವ್ ಎಷ್ಟು ಜನ ಇದ್ದರೋ ದೇವರಿಗೇ ಗೊತ್ತು.

ಸರಿ, ನಾವೇ ಹೋಗೋಣ ಅಂತ ತಂಗಿಯನ್ನೂ ಹೊರಡಿಸಿದೆ. ಮೊಂತಿ ಫೆಸ್ತ್, ಅಂದರೆ ನಮ್ಮ ಕರಾವಳಿ ಕೆಥೋಲಿಕರ ತೆನೆ ಹಬ್ಬ, ಹತ್ತಿರ ಇತ್ತು. ಹಬ್ಬಕ್ಕೆ ಹಬ್ಬವೂ ಆಯಿತು, ಕೆಲಸಕ್ಕೆ ಕೆಲಸವೂ ಆಯಿತು ಅಂದುಕೊಂಡೆ. ಅದೇ ದೊಡ್ಡ ತಪ್ಪು.

ಬಸ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಲೀಪರ್, ಮೇಲಿನ ಬರ್ತ್, ಶಿರಾಡಿ ಘಾಟಿಯಲ್ಲಿ ಮಳೆ. ಎಸಿ ಸಂದಿಯಿಂದ ನೀರು ನೇರ ನನ್ನ ಎದೆ ಮೇಲೆ. ಕಂಡಕ್ಟರ್ ಬಂದು ನೋಡಿ, "ಸಾರ್, ಆ ಕಡೆ ತಲೆ ಹಾಕಿ" ಅಂದ. ಆ ಕಡೆ ತಲೆ ಹಾಕಿದೆ. ಕಾಲು ಒದ್ದೆಯಾಯಿತು.

ರೂಮಿನ ಬಗ್ಗೆ ಮಾತ್ರ ಹೇಳಲೇಬೇಕು. ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತ ನಾವು ಯಾವಾಗಲೂ 1200ಕ್ಕೆ ಇಳಿಯುವಂಥ ರೂಮಿಗೆ 2600 ಕೇಳಿದರು. ಕಿಟಕಿ ತೆರೆದರೆ ಎದುರಿಗೆ ಗೋಡೆ, ಕೆಳಗೆ ಜನರೇಟರ್. ಯಾಕೆ ಇಷ್ಟು ಅಂತ ಕೇಳಿದರೆ, "ಹಬ್ಬ ಅಲ್ವಾ, ಗಲ್ಫಿನವರೆಲ್ಲ ಬಂದಿದ್ದಾರೆ" ಅಂದರು. ಬೇರೆ ಕಡೆ ವಿಚಾರಿಸಲು ಒದ್ದೆ ಬಟ್ಟೆಯಲ್ಲಿ ಶಕ್ತಿ ಇರಲಿಲ್ಲ. ಬಂಟ್ವಾಳದ ಹತ್ತಿರ ಬಿ.ಸಿ. ರೋಡಿನಲ್ಲಿ ಇಳಿದು ಅಲ್ಲೇ ರೂಮು ಹಿಡಿದಿದ್ದರೆ ದಿನಾ ಐವತ್ತು ಕಿಲೋಮೀಟರ್ ಓಡಾಟವಾದರೂ ಉಳಿಯುತ್ತಿತ್ತು. ನಿಮ್ಮ ಚರ್ಚು ಎಲ್ಲಿದೆಯೋ ಅದರ ಹತ್ತಿರವೇ ಉಳಿದುಕೊಳ್ಳಿ.

ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ನೊವೇನಾ ಪ್ರಾರ್ಥನೆ, ಮಕ್ಕಳೆಲ್ಲ ಹೂವು ತರುವುದು, ತೆನೆ ಆಶೀರ್ವಾದದ ತಯಾರಿ. ಚರ್ಚ್ ಆಫೀಸಿನಲ್ಲಿ ಫಾದರ್‌ಗೆ ಉಸಿರಾಡಲು ಪುರುಸೊತ್ತಿಲ್ಲ. ನಮ್ಮನ್ನು ನೋಡಿ ಪಾಪ ನಕ್ಕರು. "ಹಬ್ಬ ಮುಗಿಸಿ ಬನ್ನಿ" ಅಂದರು. ಹಬ್ಬದ ದಿನದ ಜನಜಂಗುಳಿ ನನಗೆ ಆಗುವುದಿಲ್ಲ. ಹೊಸ ಅಕ್ಕಿ ಊಟಕ್ಕೆ ಕರೆದ ನೆಂಟರ ಮನೆಗೆ ತಂಗಿಯನ್ನು ಕಳಿಸಿ ನಾನು ತಪ್ಪಿಸಿಕೊಂಡೆ.

ತಪ್ಪಿಸಿಕೊಂಡಿದ್ದೇ ಒಳ್ಳೆಯದಾಯಿತು. ಬಸ್‌ಸ್ಟ್ಯಾಂಡಿನ ಹಿಂದೆ ಇಳಿಜಾರಿನಲ್ಲಿ ತಗಡಿನ ಮಾಡಿನ ಒಂದು ಹೋಟೆಲು. ಬೋರ್ಡಿನ ಬಣ್ಣ ಹೋಗಿದೆ, ಹೆಸರು ಓದಲು ಆಗುವುದಿಲ್ಲ. ನಾಲ್ಕೇ ಬೆಂಚು. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ತೊಂಡೆಕಾಯಿ ಪಲ್ಯ, ಒಣಮೀನಿನ ಚಟ್ನಿ ಒಂದು ಚಿಟಿಕೆ, ಕೊನೆಗೆ ಪುನರ್ಪುಳಿ ಸಾರು. ಎಲ್ಲ ಸೇರಿ 90 ರೂಪಾಯಿ. ಬಡಿಸುವ ಅಕ್ಕ ಕೇಳದೆಯೇ ಎರಡನೇ ಸಲ ಸಾರು ಹಾಕಿದರು. ಪುಳಿಮುಂಚಿ ಅಂದರೆ ಖಾರ ಮಾತ್ರ ಅಂದುಕೊಂಡವರು ಇಲ್ಲಿ ಬಂದು ತಿನ್ನಬೇಕು. ಹುಳಿ ಮೊದಲು ಬರುತ್ತದೆ, ಖಾರ ನಿಧಾನವಾಗಿ ಕಿವಿಗೆ ಹತ್ತುತ್ತದೆ. ಮಧ್ಯಾಹ್ನ ಎರಡರ ಮೇಲೆ ಹೋದರೆ ಮೀನು ಖಾಲಿ. ನಾವು ಅಲ್ಲಿ ಐದು ಸಲ ಉಂಡೆವು. ಮೊಂತಿ ಫೆಸ್ತ್ ದಿನ ಮನೆಮನೆಯಲ್ಲೂ ತರಕಾರಿ ಊಟ, ನಾನು ಮೀನು ತಿಂದೆ ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.

ಈಗ ಕೆಲಸದ ವಿಷಯ. ಹಬ್ಬ ಮುಗಿದ ಮೇಲೆ ಮುತ್ತಜ್ಜನ ಚರ್ಚಿನಲ್ಲಿ ಮದುವೆ ರಿಜಿಸ್ಟರ್ ಕೊಟ್ಟರು. 1915ರಿಂದ 1925ರವರೆಗೆ ಒಂದೊಂದೇ ಸಾಲು ನೋಡಿದೆವು. ಎಲ್ಲ ಲ್ಯಾಟಿನ್. ಬಸ್ತಿಯಾಂವ್ ಅಂತ ಹುಡುಕಿದರೆ ಸಿಗುವುದಿಲ್ಲ, ಸೆಬಾಸ್ಟಿಯಾನುಸ್ ಅಂತ ಇರುತ್ತದೆ. ಜುವಾಂವ್ ಅಲ್ಲಿ ಯೋಆನ್ನೆಸ್. ನಿಮ್ಮ ಅಜ್ಜ ಜೇಮ್ಸ್ ಆಗಿದ್ದರೆ ಯಾಕೋಬುಸ್ ನೋಡಿ. ಇಷ್ಟೆಲ್ಲ ಗೊತ್ತಿದ್ದೂ ನಮ್ಮವನು ಸಿಗಲಿಲ್ಲ. ಒಂದೂವರೆ ದಿನ ಹೋಯಿತು.

ಆಗ ಬಂದವರು ವಾಡೆಯ (ಚರ್ಚಿನ ವಾರ್ಡಿನ) ಹಳೆಯ ಗುರ್ಕಾರರು, ಅಂದರೆ ಮುಖಂಡರು, ಎಂಬತ್ತು ದಾಟಿದವರು. ಸುಮ್ನೆ ಕುಶಾಲಿಗೆ ಕೂತು ನಮ್ಮನ್ನೇ ನೋಡುತ್ತಿದ್ದರು. "ಪುತಾ (ಮಗನೇ), ಮದುವೆ ಹೆಣ್ಣಿನ ಚರ್ಚಿನಲ್ಲಿ ಅಲ್ವಾ ಆಗುವುದು? ಇಲ್ಲಿ ಯಾಕೆ ಹುಡುಕುತ್ತೀ? ಅವನ ಜ್ಞಾನಸ್ನಾನದ ಪುಸ್ತಕ ತೆಗೆ" ಅಂದರು. ಹೆಣ್ಣಿನ ಊರು ಗೊತ್ತಿದ್ದರೆ ತಾನೇ ಹೋಗುವುದು! ಆದರೂ ಆ ಬ್ಯಾಪ್ಟಿಸಂ ಪುಸ್ತಕ ತೆಗೆದೆವು. 1896ರ ಪುಟ. ಅಪ್ಪನ ಹೆಸರು ಸರಿಯಾಗಿದೆ. ಪಕ್ಕದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: 1921, ಹೆಂಡತಿಯ ಹೆಸರು, ಉಡುಪಿ ಕಡೆಯ ಒಂದು ಚರ್ಚಿನ ಹೆಸರು.

ಇದು ಗುರ್ಕಾರರ ಅದೃಷ್ಟದ ಮಾತಲ್ಲ, ನಿಯಮ. 1908ರ ಈಸ್ಟರ್‌ನಿಂದ ಕೆಥೋಲಿಕ್ ಚರ್ಚುಗಳಲ್ಲಿ ಹೀಗೆ. ಮದುವೆ ಎಲ್ಲೇ ಆದರೂ, ಮದುವೆ ಮಾಡಿಸಿದ ಫಾದರ್ ಜ್ಞಾನಸ್ನಾನದ ಚರ್ಚಿಗೆ ತಿಳಿಸಬೇಕು, ಅವರು ಅಂಚಿನಲ್ಲಿ ಬರೆದುಕೊಳ್ಳಬೇಕು. ತಕ್ಕ ಕಾರಣ ಇಲ್ಲದಿದ್ದರೆ ಮದುವೆ ವಧುವಿನ ಚರ್ಚಿನಲ್ಲೇ ನಡೆಯಬೇಕು ಅಂತ 1917ರ ಚರ್ಚ್ ಕಾನೂನು ಹೇಳುತ್ತಿತ್ತು. ಹಾಗಾಗಿ ನಿಮ್ಮವರ ಮದುವೆ 1908ರ ನಂತರದ್ದಾದರೆ, ಮದುವೆ ಪುಸ್ತಕ ಬಿಟ್ಟು ಮೊದಲು ಜ್ಞಾನಸ್ನಾನದ ಪುಸ್ತಕ ಕೇಳಿ. ನಮಗೆ ಇದು ಗೊತ್ತಿದ್ದರೆ 2600ರ ರೂಮಿನ ಎರಡು ರಾತ್ರಿ ಉಳಿಯುತ್ತಿತ್ತು.

ಉಡುಪಿ ಕಡೆಯ ಚರ್ಚಿನಲ್ಲಿ ಅರ್ಧ ಗಂಟೆಯಲ್ಲಿ ಸಿಕ್ಕಿತು. ಫೋನಿನಲ್ಲಿ ಫೋಟೋ ತೆಗೆಯಲು ಬಿಡಲಿಲ್ಲ, ಕೈಯಲ್ಲಿ ಬರೆದುಕೊಂಡೆವು. ಪೆನ್ಸಿಲ್ ಒಯ್ಯಿರಿ. ಆ ಪುಟದಲ್ಲಿ ಇಬ್ಬರ ಅಪ್ಪಂದಿರ ಹೆಸರು, ಇಬ್ಬರು ಸಾಕ್ಷಿಗಳು, ಜೊತೆಗೆ ಒಂದು ಸಾಲು: ಮೂರನೇ ಡಿಗ್ರಿ ರಕ್ತಸಂಬಂಧಕ್ಕೆ ಬಿಷಪ್ಪರ ವಿನಾಯಿತಿ. ಅಂದರೆ ನಮ್ಮ ಮುತ್ತಜ್ಜ ಮುತ್ತಜ್ಜಿ ಇಬ್ಬರ ಮುತ್ತಜ್ಜನೂ ಒಬ್ಬನೇ! ನಮ್ಮ ವಂಶವೃಕ್ಷದ ಎರಡು ಕೊಂಬೆ ಮೇಲೆ ಹೋಗಿ ಮತ್ತೆ ಕೂಡುತ್ತವೆ. ಆಫೀಸಿನಲ್ಲಿ ಬರೆದುಕೊಟ್ಟ ಸರ್ಟಿಫಿಕೇಟಿನಲ್ಲಿ ಈ ಸಾಲೇ ಇಲ್ಲ. ಅದಕ್ಕೇ ಹೇಳುವುದು, ಸರ್ಟಿಫಿಕೇಟ್ ಕೈಗೆ ಬಂತು ಅಂತ ಎದ್ದು ಬರಬೇಡಿ. ಪುಸ್ತಕದ ಪುಟ ತೋರಿಸಿ ಅಂತ ಕೇಳಿ.

ಎಷ್ಟು ಹಿಂದಕ್ಕೆ ಹೋಗಬಹುದು ಅಂತ ಆಸೆ ಹುಟ್ಟುತ್ತದೆ, ಗೊತ್ತು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಲ್ಲಿನ ಚರ್ಚುಗಳೂ ನೆಲಸಮವಾದವು. 1799ರ ನಂತರ ಬದುಕಿ ಬಂದವರು ಮತ್ತೆ ಕಟ್ಟಿಕೊಂಡದ್ದು. ಅದಕ್ಕೂ ಹಿಂದಿನದು ಇಲ್ಲಿ ಸಿಗುತ್ತದೆ ಅಂತ ರಜೆ ಹಾಕಬೇಡಿ. ಮತ್ತೆ 1872ರ ಮದುವೆ ಕಾಯ್ದೆ ಪ್ರಕಾರ ಚರ್ಚುಗಳು ಮೂರು ತಿಂಗಳಿಗೊಮ್ಮೆ ಮದುವೆಗಳ ಲೆಕ್ಕವನ್ನು ಸರ್ಕಾರಕ್ಕೂ ಕಳಿಸಬೇಕಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಲೆಕ್ಕ ಹೋಗುತ್ತಿದ್ದದ್ದು ಅಲ್ಲಿಗೆ. ಚರ್ಚಿನ ಪುಸ್ತಕವನ್ನು ಗೆದ್ದಲು ತಿಂದಿದ್ದರೆ ಆ ದಾರಿ ನೆನಪಿರಲಿ.

ಇನ್ನೊಮ್ಮೆ ಹೋಗುವುದು ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ. ಆಗ ಮದುವೆಗಳಿರುವುದಿಲ್ಲ, ಆಫೀಸು ಖಾಲಿ, ರೂಮೂ ಅಗ್ಗ. ಸೆಖೆ ಇರುತ್ತದೆ, ಇರಲಿ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಮಾತ್ರ ಬಿಟ್ಟುಬಿಡಿ.

ಏಜೆಂಟ್ ಕಳಿಸಿದ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ. ಬಸ್ತಿಯಾಂವ್, ಅಪ್ಪ ಜುಜೆ, ಮದುವೆ 1919. ನಿಮ್ಮ ಮುತ್ತಜ್ಜನಾದರೆ ಹೇಳಿ, ಸುಮ್ನೆ ಕೊಡುತ್ತೇನೆ.