ಅಟ್ಟದಿಂದಿಳಿದ ಕಂಪ್ಯೂಟರು ಮತ್ತು ಅಪ್ಪನ ಮಳೆ ಲೆಕ್ಕ

2009ರಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರೊಂದು ಹಲವು ವರ್ಷಗಳಿಂದ ನಮ್ಮ ಮನೆಯ ಅಟ್ಟದಲ್ಲಿತ್ತು. ಗುಜರಿಗೆ ಕೊಡುವ ಮುನ್ನ ಒಮ್ಮೆ ನೋಡೋಣವೆಂದು ಕೆಳಗಿಳಿಸಿದಾಗ, ನನ್ನ ಹೊಸ ಲ್ಯಾಪ್‌ಟಾಪಿನಿಂದ ಆಗದ ಕೆಲಸವೊಂದು ಇದರಿಂದ ಆದೀತೆಂದು ಹೊಳೆಯಿತು. ಇದರಲ್ಲಿ ಸಿ.ಡಿ. ಡ್ರೈವ್ ಇದೆ, ವಿಂಡೋಸ್ ಎಕ್ಸ್‌ಪಿ ಇದೆ, ಕನ್ನಡ ಟೈಪು ಮಾಡುವ ನುಡಿ ತಂತ್ರಾಂಶವಿದೆ. ಅಪ್ಪ ತಮ್ಮ ಅಡಿಕೆ ತೋಟದ ದಿನಚರಿಯನ್ನು ಟೈಪು ಮಾಡಿ ಸಿ.ಡಿ.ಗಳಲ್ಲಿ ತುಂಬಿಟ್ಟದ್ದು ಇವನ್ನೇ ಬಳಸಿ. ಆರಿದ್ರಾ ಮಳೆ ಯಾವ ದಿನ ಹಿಡಿಯಿತು, ಪುನರ್ವಸುವಿನಲ್ಲಿ ಎಷ್ಟು ಸುರಿಯಿತು, ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಎಂದು ಹೊಡೆಸಿದರು ಎಂಬುದೆಲ್ಲ ಅದರಲ್ಲಿದೆ.

ದೂಳು ಒರೆಸಿ, ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಬದಲಿಸಿದೆ. ಈ ಪುಟ್ಟ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷಾ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೆ ಬಂದಿಲ್ಲವೆಂದು ಬಗೆದು ಬ್ರೌಸರ್ ಜಾಲತಾಣಗಳನ್ನು ತೆರೆಯುವುದಿಲ್ಲ. ಅನೇಕರು ಯಂತ್ರವೇ ಕೆಟ್ಟಿತೆಂದು ತಿಳಿದು ಎಸೆಯುವುದು ಇಂಥ ಸಣ್ಣ ಕಾರಣಕ್ಕೆ. ಹಳೆಯ ಡಿಸ್ಕನ್ನು ಮುಟ್ಟುವ ಮೊದಲು ಕೆಟ್ಟ ಡಿಸ್ಕಿನಿಂದಲೂ ಮಾಹಿತಿ ನಕಲು ಮಾಡುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ಅದರ ಪೂರ್ಣ ಪ್ರತಿ ತೆಗೆದುಕೊಂಡೆ. ಬೇರೊಂದು ಡಿಸ್ಕಾಗಿ 120 ಜಿ.ಬಿ. ಎಸ್ಎಸ್‌ಡಿ ಜೋಡಿಸಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಮತ್ತು ಹಗುರವಾದ ಡೆಸ್ಕ್‌ಟಾಪ್ ಪರಿಸರವಾದ ಎಕ್ಸ್ಎಫ್‌ಸಿಇ ಹಾಕಿದೆ, 2 ಜಿ.ಬಿ. ಮೆಮೊರಿಗೆ ಅದು ಭಾರವಲ್ಲ. ಹಳೆಯ ಡಿಸ್ಕಿನಲ್ಲಿರುವ ಎಕ್ಸ್‌ಪಿಗೆ ಭದ್ರತಾ ಪರಿಷ್ಕರಣೆಗಳು 2014ರ ಏಪ್ರಿಲ್‌ನಲ್ಲೇ ನಿಂತುಹೋದ ಕಾರಣ, ಅದನ್ನು ಚಾಲೂ ಮಾಡುವಾಗ ನೆಟ್‌ವರ್ಕ್ ತಂತಿಯನ್ನು ಕಿತ್ತೇ ಇಡುತ್ತೇನೆ.

ನಿಜವಾದ ತೊಡಕು ಇದ್ದದ್ದು ಅಕ್ಷರಗಳಲ್ಲಿ. ಆ ಕಾಲದ ನುಡಿ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆದ್ದರಿಂದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಒಂದೊಂದು ತುಂಡಿಗೆ, ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಯೂನಿಕೋಡ್ ಸಂಕೇತದ ಒಂದೊಂದು ಅಕ್ಷರ ಬದಲಿಸಿದರೆ ಮುಗಿಯಿತೆಂದುಕೊಂಡಿದ್ದೆ. ಆದರೆ ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಕ್ಕೆ ತಕ್ಕಂತೆ ಮೊದಲೇ ಬರಬೇಕು. ಅಪ್ಪನ ದಿನಚರಿಯಲ್ಲಿ ಹೆಚ್ಚು ಸಲ ಬರುವ ‘ಪುನರ್ವಸು’, ‘ಬೋರ್ಡೋ’ ಎಂಬ ಪದಗಳೇ ನನ್ನ ಮೊದಲ ಪ್ರಯತ್ನದಲ್ಲಿ ಮುರಿದು ಬಂದವು. ಉಚಿತವಾಗಿ ಸಿಗುವ ಪರಿವರ್ತಕಗಳು ಈ ಸ್ಥಾನಪಲ್ಲಟವನ್ನು ಬಹುಮಟ್ಟಿಗೆ ಸರಿಯಾಗಿ ನಿಭಾಯಿಸುತ್ತವೆ. ಆದರೂ ಎಕ್ಸ್‌ಪಿಯಲ್ಲಿ ಮೂಲವನ್ನು ತೆರೆದು, ಪಕ್ಕದಲ್ಲಿ ಲ್ಯಾಪ್‌ಟಾಪಿಟ್ಟುಕೊಂಡು, ಸಾಲುಸಾಲಾಗಿ ಹೋಲಿಸಿ ನೋಡುವುದನ್ನು ನಾನು ಬಿಟ್ಟಿಲ್ಲ. ಮಳೆಯ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಅಪ್ಪನ ಶ್ರಮಕ್ಕೆ ಅನ್ಯಾಯವಾಗುತ್ತದೆ.

ಈ ಯಂತ್ರವನ್ನು ಮನೆಯವರೆಲ್ಲರ ಕಡತಗಳನ್ನು ಇಡುವ ಫೈಲ್ ಸರ್ವರ್ ಮಾಡೆಂದು ಗೆಳೆಯರು ಸಲಹೆ ಕೊಟ್ಟರು. ಸುಮ್ಮನಿದ್ದಾಗಲೂ ಸುಮಾರು 60 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಓಡಿದರೆ ತಿಂಗಳಿಗೆ 43 ಯೂನಿಟ್ ವಿದ್ಯುತ್ತು ಬೇಕು. ಆ ಕೆಲಸಕ್ಕೆ ಕೆಲವೇ ವ್ಯಾಟ್ ಬಳಸುವ ಸಣ್ಣ ಕಂಪ್ಯೂಟರ್ ಬೋರ್ಡುಗಳಿರುವಾಗ ಇದನ್ನು ದುಡಿಸುವುದು ನನಗೆ ಸರಿಯೆನಿಸಲಿಲ್ಲ. ಭಾನುವಾರ ಬೆಳಗ್ಗೆ ಎರಡು ಗಂಟೆ ಮಾತ್ರ ಚಾಲೂ ಮಾಡುತ್ತೇನೆ.

ಹನ್ನೊಂದು ಸಿ.ಡಿ.ಗಳಲ್ಲಿ ಒಂಬತ್ತು ಪೂರ್ತಿಯಾಗಿ ತೆರೆದುಕೊಂಡಿವೆ. ಹತ್ತನೆಯದು ಅರ್ಧಕ್ಕೆ ನಿಲ್ಲುತ್ತದೆ. ಹನ್ನೊಂದನೆಯದರ ಮೇಲೆ ಅಪ್ಪನ ಕೈಬರಹದಲ್ಲಿ ‘ಹೊಸ ತೋಟ, ಮೊದಲ ವರ್ಷ’ ಎಂದಿದೆ. ಅದನ್ನು ಮುಂದಿನ ಭಾನುವಾರ ಮತ್ತೊಮ್ಮೆ ನಿಧಾನಗತಿಯಲ್ಲಿ ಓದಿಸಿ ನೋಡಬೇಕು.