ಮೇಲೆ ಸ್ಮಶಾನ, ಕೆಳಗೆ ಊರು

ಬಿ.ಎ. ಎರಡನೇ ವರ್ಷದಲ್ಲಿ ನಮಗೆ ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿ ಪಠ್ಯವಾಗಿತ್ತು. ಮೇಷ್ಟ್ರು “ಮೂರ್”, ಅಂದರೆ ಮರವಿಲ್ಲದ ಬೋಳುಗುಡ್ಡದ ಬಯಲು, ಅಂದಾಗಲೆಲ್ಲ ನನ್ನ ಕಣ್ಣಮುಂದೆ ಕುದುರೆಮುಖದ ಹುಲ್ಲುಗುಡ್ಡ ಬರುತ್ತಿತ್ತು. ಅದೇನೂ ತೀರಾ ತಪ್ಪಲ್ಲ ಅಂತ ಇಂಗ್ಲೆಂಡಿನಲ್ಲಿ ಷಾರ್ಲೆಟ್ ಬೆಳೆದ ಊರು ಹಾವರ್ತ್‌ಗೆ ಹೋದಮೇಲೆ ಗೊತ್ತಾಯಿತು. ಬಣ್ಣವೊಂದೇ ಬೇರೆ.

ಲೀಡ್ಸ್‌ನಲ್ಲಿರುವ ತಂಗಿಯ ಜೊತೆ ಅಕ್ಟೋಬರಿನ ಒಂದು ಶನಿವಾರ ಹೊರಟೆ. ಕೀಥ್ಲಿವರೆಗೆ ಮಾಮೂಲಿ ರೈಲು, ಅಲ್ಲಿಂದ ಉಗಿಬಂಡಿ. 1867ರಲ್ಲಿ ಶುರುವಾದ ಆ ಪುಟ್ಟ ಮಾರ್ಗ ಒಮ್ಮೆ ಮುಚ್ಚಿಹೋಗಿ, ಉತ್ಸಾಹಿಗಳು ಸೇರಿ 1968ರಲ್ಲಿ ಮತ್ತೆ ಓಡಿಸಿದ್ದು. ಕಾದಂಬರಿ ಬರೆದ ಬ್ರಾಂಟೆ ಅಕ್ಕತಂಗಿಯರು, ಷಾರ್ಲೆಟ್, ಎಮಿಲಿ, ಆನ್, ಇದನ್ನು ಕಂಡಿರಲಿಲ್ಲ. ರೈಲು ಬರುವ ಹೊತ್ತಿಗೆ ಆ ಮನೆಯವರು ಒಬ್ಬರೂ ಉಳಿದಿರಲಿಲ್ಲ.

ಊರೆಂದರೆ ಕಲ್ಲು ಹಾಸಿದ ಒಂದು ಕಡಿದಾದ ಬೀದಿ. ಏದುಸಿರು ಬಿಡುತ್ತ ಹತ್ತಿದರೆ ತುದಿಯಲ್ಲಿ ಚರ್ಚು, ಅದರ ಹಿಂದೆ ಸ್ಮಶಾನ, ಅದರಾಚೆ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ 1820ರಲ್ಲಿ ಆರು ಮಕ್ಕಳೊಂದಿಗೆ ಬಂದು ಸೇರಿದ ಮನೆ. ಈಗ ಅದು ಮ್ಯೂಸಿಯಂ.

ಊಟದ ಕೋಣೆಯ ಮೇಜಿನ ಮುಂದೆ ನಾವು ತುಂಬ ಹೊತ್ತು ನಿಂತೆವು. ನಡುವೆ ಮೇಣದಬತ್ತಿ ಸುಟ್ಟ ಗುರುತು, ಅಲ್ಲಲ್ಲಿ ಶಾಯಿ ಕಲೆ, ಯಾರೋ ಕೆತ್ತಿದ ಪುಟ್ಟ ‘ಇ’ ಅಕ್ಷರ. ರಾತ್ರಿ ಅಪ್ಪ ಮಲಗಿದ ಮೇಲೆ ಮೂವರೂ ಈ ಮೇಜಿನ ಸುತ್ತ ನಡೆಯುತ್ತ ತಾವು ಬರೆದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಇಲ್ಲಿ ಬರೆದದ್ದು 1847ರಲ್ಲಿ ಗಂಡಸರ ಹೆಸರು ಹೊತ್ತು ಲಂಡನ್ನಿನಲ್ಲಿ ಅಚ್ಚಾಯಿತು.

ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪುಸ್ತಕಗಳು. ಮಕ್ಕಳು ತಮ್ಮ ಆಟದ ಸೈನಿಕರಿಗೆ ಓದಲೆಂದು ಮಾಡಿದ್ದು. ಅಕ್ಷರ ಎಷ್ಟು ಸಣ್ಣವೆಂದರೆ ಕನ್ನಡಕ ಹಣೆಗೇರಿಸಿ ಮೂಗನ್ನು ಗಾಜಿಗೆ ಒತ್ತಿದರೂ ನನಗೊಂದು ಸಾಲೂ ದಕ್ಕಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಕಾಗದದ ಮೇಲೆ ತೆರಿಗೆ ಇತ್ತು. ಪಾದ್ರಿಯ ಮಕ್ಕಳು ಸಿಕ್ಕ ಚೂರುಗಳನ್ನೇ ಹೊಲಿದು ಪುಸ್ತಕ ಮಾಡಿಕೊಳ್ಳುತ್ತಿದ್ದರು. ಅಂಥದ್ದೊಂದನ್ನು 2019ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಕೊಳ್ಳಲು ಮ್ಯೂಸಿಯಂ 6 ಲಕ್ಷ ಯೂರೊ ಕೂಗಬೇಕಾಯಿತು.

ನನಗೆ ಹೊಸದಾಗಿದ್ದದ್ದು ಸಂಬಳದ ಲೆಕ್ಕ. ಓದಿದ, ಆಸ್ತಿಯಿಲ್ಲದ ಹೆಣ್ಣಿಗೆ ಮರ್ಯಾದೆಯ ಕೆಲಸ ಅಂತಿದ್ದದ್ದು ಸಿರಿವಂತರ ಮಕ್ಕಳಿಗೆ ಮನೆಪಾಠ ಹೇಳುವ ಗವರ್ನೆಸ್ ಕೆಲಸ. ಷಾರ್ಲೆಟ್‌ಗೆ 1841ರಲ್ಲಿ ವರ್ಷಕ್ಕೆ 20 ಪೌಂಡ್ ಗೊತ್ತುಮಾಡಿದ್ದರು, ಬಟ್ಟೆ ಒಗೆತಕ್ಕೆ 4 ಮುರಿದುಕೊಂಡು ಕೈಗೆ ಬರುತ್ತಿದ್ದದ್ದು 16. ಕಾದಂಬರಿ ಬರೆಯುವಾಗ ಜೇನ್‌ಗೆ ಮಾತ್ರ ಧಾರಾಳವಾಗಿ 30 ಪೌಂಡ್ ಸಂಬಳ ಕೊಟ್ಟಿದ್ದಾಳೆ!

“ನಿನ್ನ ಕಥೆಯಲ್ಲಿ ನನಗೂ ಸಂಬಳ ಏರಿಸಕ್ಕಾ,” ಅಂದಳು ತಂಗಿ.

ಹೊರಗೆ ಬಂದು ಸ್ಮಶಾನದಲ್ಲಿ ನಡೆದೆವು. ಚಪ್ಪಡಿಗಳು ಒಂದಕ್ಕೊಂದು ತಾಗಿಕೊಂಡಂತೆ ಅಡ್ಡಮಲಗಿವೆ. ಒಂದೊಂದು ಚಪ್ಪಡಿಯಲ್ಲೂ ಕೂಸುಗಳ ಹೆಸರಿನ ಸಾಲು. ಮೇಲೆ ಸ್ಮಶಾನ, ಇಳಿಜಾರಿನಲ್ಲಿ ಊರು, ಊರಿಗೆ ಬಾವಿ ಮತ್ತು ಒರತೆಯ ನೀರು. ಒಳ್ಳೆಯ ನೀರಿಗಾಗಿ ಪ್ಯಾಟ್ರಿಕ್ ಸರ್ಕಾರಕ್ಕೆ ಅರ್ಜಿ ಬರೆದೂ ಬರೆದೂ ಕೊನೆಗೆ ಬಂದ ಇನ್‌ಸ್ಪೆಕ್ಟರ್ ಬೆಂಜಮಿನ್ ಬ್ಯಾಬೇಜ್, ನಮ್ಮ ಕಂಪ್ಯೂಟರ್ ಪಾಠದ ಚಾರ್ಲ್ಸ್ ಬ್ಯಾಬೇಜ್‌ನ ಮಗ. 1850ರ ಅವನ ವರದಿಯ ಪ್ರಕಾರ ಇಡೀ ಊರಿಗೆ ಇದ್ದದ್ದು 69 ಪಾಯಿಖಾನೆ. ಸಾಯುವವರ ಸರಾಸರಿ ವಯಸ್ಸು 25.8. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಕ್ಕಳು ಆರು ತುಂಬುವ ಮೊದಲೇ ಹೋಗುತ್ತಿದ್ದರು. ಎಮಿಲಿ 30ಕ್ಕೆ, ಆನ್ 29ಕ್ಕೆ ಹೋದರೆಂದು ಕ್ಲಾಸಿನಲ್ಲಿ ನಾವೆಲ್ಲ ಲೊಚಗುಟ್ಟಿದ್ದೆವು. ಈ ಊರಿನ ಲೆಕ್ಕದಲ್ಲಿ ಅದು ದೀರ್ಘಾಯುಸ್ಸು. ಆರೂ ಮಕ್ಕಳನ್ನು ಕಳೆದುಕೊಂಡ ಅಪ್ಪ 84ರವರೆಗೆ ಬದುಕಿದ.

ಮಧ್ಯಾಹ್ನ ಗುಡ್ಡದ ಮೇಲಿನ ಪಾಳುಮನೆ ಟಾಪ್ ವಿದೆನ್ಸ್‌ಗೆ ನಡೆದೆವು. ದಾರಿಯ ಫಲಕಗಳಲ್ಲಿ ಇಂಗ್ಲಿಷಿನ ಜೊತೆ ಜಪಾನಿ ಲಿಪಿ! ನೇರಳೆ ಹೆದರ್ ಹೂ ಸೆಪ್ಟೆಂಬರಿಗೇ ಮುಗಿದು ಗುಡ್ಡವೆಲ್ಲ ಸುಟ್ಟ ಬೆಲ್ಲದ ಬಣ್ಣ. ಗಾಳಿಗೆ ನನ್ನ ಕೊಡೆ ಎರಡು ಸಲ ಮಗುಚಿಕೊಂಡಿತು. ಮೂರನೇ ಸಲ ಕಡ್ಡಿಯೇ ಮುರಿಯಿತು. ಎಮಿಲಿಯ ಕಾದಂಬರಿ ‘ವುದರಿಂಗ್ ಹೈಟ್ಸ್’ನ ಮನೆ ಇದೇ ಅಂತ ಜನ ಹತ್ತಿ ಬರುವ ಈ ಪಾಳುಮನೆಯ ಗೋಡೆಗೆ ಬ್ರಾಂಟೆ ಸೊಸೈಟಿ 1964ರಲ್ಲಿ ಒಂದು ಫಲಕ ಹಾಕಿದೆ: ಕಟ್ಟಡ ಇಡಿಯಾಗಿದ್ದಾಗಲೂ ಕಾದಂಬರಿಯ ಮನೆಗೂ ಇದಕ್ಕೂ ಹೋಲಿಕೆ ಇರಲಿಲ್ಲ ಅಂತ. ಇಷ್ಟು ದೂರ ನಡೆಸಿದ ಮೇಲೆ ಹೇಳುತ್ತಾರೆ.

ಗೋಡೆಯ ಮರೆಯಲ್ಲಿ ಕೂತು ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿದೆವು. ಒದ್ದೆಯಾದ ಒಂದು ಕುರಿ ಬಂದು ಡಬ್ಬಿಯನ್ನೇ ನೋಡುತ್ತ ನಿಂತಿತು. ತಂಗಿ ಒಂದು ತುಂಡು ಎಸೆದಳು. ಮೂಸಿ ನೋಡಿ, ಸೀನಿ, ಹೊರಟುಹೋಯಿತು.